ರಕ್ತದಲ್ಲಿ ಕಂಡದ್ದು, ಕೋಡಿನಲ್ಲಿ ಉಳಿದದ್ದು

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-10ರಲ್ಲಿ 'ಆರ್' ಅಕ್ಷರದ ಅಧ್ಯಾಯ ಮನೆಯ ಮುಂದಿನ ಜಗಲಿಯಂತೆ. ಯಾವ ರೋಗವೆಂದು ಇನ್ನೂ ಗೊತ್ತಾಗದ ಜ್ವರ, ತಲೆಸುತ್ತು, ಏರುಪೇರಾದ ಪರೀಕ್ಷಾ ಫಲಿತಾಂಶಗಳು ಒಳಗೆ ಹೋಗುವ ಮುಂಚೆ ಇಲ್ಲಿ ಕೂರುತ್ತವೆ. ಆ ಜಗಲಿಯ ಒಂದು ಮೂಲೆ ಆರ್ 78. ಸಾಮಾನ್ಯವಾಗಿ ರಕ್ತದಲ್ಲಿ ಇರದ ಔಷಧವೋ ಬೇರೆ ವಸ್ತುವೋ ಕಂಡಾಗ ಹಾಕುವ ಕೋಡ್ ಇದು. 78.0 ಮದ್ಯಕ್ಕೆ, 78.1 ಅಫೀಮಿನ ಬಳಗಕ್ಕೆ, 78.2 ಕೊಕೇನಿಗೆ, ಮುಂದೆ ಸ್ಟೀರಾಯ್ಡ್, ಭಾರಲೋಹ, ಲಿಥಿಯಂ.

ಈ ಕೋಡಿನಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಬಾಯಿಬಿಗಿ. 'ಕಂಡುಬಂದಿದೆ' ಎನ್ನುತ್ತದೆ, ಅಷ್ಟೇ. ಚಟವಿದೆ ಎನ್ನುವುದಿಲ್ಲ, ವಿಷವೇರಿದೆ ಎನ್ನುವುದಿಲ್ಲ. ಮಾದಕ ವಸ್ತುಗಳಿಂದಾಗುವ ಮನೋವಿಕಾರಗಳಿಗೆ ಎಫ್ 10ರಿಂದ 19ರವರೆಗಿನ ಕೋಡ್‌ಗಳಿವೆ. ಅವು ಇಲ್ಲಿಗೆ ಬರಕೂಡದೆಂದು ಆರ್ 78ರ ಅಡಿಯಲ್ಲೇ ಬರೆದಿದೆ. ಅಪಘಾತವಾದವನಿಗೆ ಆಂಬುಲೆನ್ಸಿನಲ್ಲೇ ಮಾರ್ಫಿನ್ ಕೊಟ್ಟು, ಆಸ್ಪತ್ರೆಗೆ ಬಂದ ಮೇಲೆ ರಕ್ತ ತೆಗೆದರೆ ವರದಿಯಲ್ಲಿ ಅಫೀಮಿನ ಬಳಗ ಕಾಣಿಸುವುದು ಸಹಜ. ಅವನ ಹೆಸರಿನ ಮುಂದೆ ಚಟದ ಕೋಡ್ ಒಮ್ಮೆ ಬಿದ್ದರೆ ವಿಮೆಯ ಕಡತದಿಂದ ಅದನ್ನು ಅಳಿಸುವವರು ಯಾರು?

ಈ ಎಚ್ಚರದ ಭಾರ ಹೊರುವವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಕಚೇರಿಗಳಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದುವ ಕೋಡರ್‌ಗಳು ಬಳಸುವುದು ಐಸಿಡಿ-10-ಸಿಎಂ, 2015ರ ಅಕ್ಟೋಬರ್ 1ರಂದು ಅಲ್ಲಿ ಜಾರಿಗೆ ಬಂದ ರೂಪ. ಲ್ಯಾಬ್ ವರದಿಯನ್ನಷ್ಟೇ ನೋಡಿ ಕೋಡ್ ಹಾಕುವಂತಿಲ್ಲ; ಫಲಿತಾಂಶಕ್ಕೆ ಅರ್ಥವಿದೆಯೆಂದು ವೈದ್ಯರೇ ಬರೆದಿರಬೇಕು. ಬರೆದಿಲ್ಲದಿದ್ದರೆ ಕೇಳಬೇಕು, ಊಹಿಸಬಾರದು. ಒಳ್ಳೆಯ ನಿಯಮ. ದಿನಕ್ಕೆ ಇಷ್ಟು ಚಾರ್ಟ್ ಮುಗಿಸಬೇಕೆಂಬ ಒತ್ತಡದಲ್ಲಿ ಕೇಳುವ ತಾಳ್ಮೆ ಎಷ್ಟು ಉಳಿದೀತು ಎಂಬುದು ಬೇರೆ ಮಾತು.

ತಕರಾರು ಶುರುವಾಗುವುದು ಶೀರ್ಷಿಕೆಯಿಂದ. 'ಸಾಮಾನ್ಯವಾಗಿ ಇರದ' ಎಂದು ಮೇಲೆ ಬರೆದು, ಕೆಳಗೆ ಭಾರಲೋಹಗಳ 'ಅಸಹಜ ಮಟ್ಟ' ಎಂದರೆ ಏನರ್ಥ? ಚೂರುಪಾರು ಸೀಸ ಹೆಚ್ಚುಕಮ್ಮಿ ಎಲ್ಲರ ರಕ್ತದಲ್ಲೂ ಇದೆ. ಲಿಥಿಯಂ ಅಂತೂ ವೈದ್ಯರೇ ಕೊಟ್ಟು, ಮಟ್ಟ ಸರಿಯಿದೆಯೇ ಎಂದು ಅವರೇ ಆಗಾಗ ಅಳೆಯುವ ಔಷಧ. ಅಮೆರಿಕದ ರೂಪದಲ್ಲಿ ಇನ್ನೂ ಒಂದು ತಮಾಷೆ: ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಅದಕ್ಕೆ 78.81. ಕೊಕೇನ್ ಮತ್ತು ಬ್ಯಾಕ್ಟೀರಿಯಾ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿವೆ.

ಇದಕ್ಕಿಂತ ದೊಡ್ಡ ಕೊರತೆ ಅಂಕಿಯದು. ಮದ್ಯಕ್ಕೆ ಮಾತ್ರ ಅಳತೆಗೋಲು ಉಂಟು: ವೈ 90 ಎಂಬ ಜೊತೆ ಕೋಡ್. 100 ಮಿಲಿಲೀಟರ್ ರಕ್ತದಲ್ಲಿ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ವೈ 90.0, 20ರಿಂದ 39ರವರೆಗೆ 90.1, ಹೀಗೆ ಏರುತ್ತ 240 ಮುಟ್ಟಿದರೆ 90.8. ನೋಡಲು ಅಚ್ಚುಕಟ್ಟು. ಆದರೆ ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಗೆರೆ ಎಳೆದಿರುವುದು 30 ಮಿಲಿಗ್ರಾಂಗೆ. 25 ಇದ್ದವನೂ 38 ಇದ್ದವನೂ ವೈ 90.1ರಲ್ಲೇ ಬೀಳುತ್ತಾರೆ; ಒಬ್ಬನದು ಗೆರೆಯ ಈಚೆ, ಇನ್ನೊಬ್ಬನದು ಆಚೆ. ಅಮೆರಿಕದ ಬಹುತೇಕ ರಾಜ್ಯಗಳ ಮಿತಿಯಾದ 80 ಮಾತ್ರ 80ರಿಂದ 99ರ ಮನೆಯ ಹೊಸ್ತಿಲಿಗೆ ಸರಿಯಾಗಿ ಕೂರುತ್ತದೆ. ಯಾರ ಮನೆಯಲ್ಲಿ ಕೂತು ಗೆರೆ ಎಳೆದರೋ! ಕೋಡ್ ಇರುವುದು ಪೊಲೀಸರಿಗಾಗಿ ಅಲ್ಲ, ನಿಜ. ಆದರೆ ಕುಡಿದು ಓಡಿಸಿದ ಅಪಘಾತಗಳ ಲೆಕ್ಕವನ್ನು ಆಸ್ಪತ್ರೆಯ ಕೋಡ್‌ಗಳಿಂದ ತೆಗೆಯಹೊರಟವರಿಗೆ ಇಲ್ಲಿ ಪ್ರಶ್ನೆಯೇ ಮಸುಕಾಗಿಬಿಡುತ್ತದೆ.

ಮದ್ಯಕ್ಕೆ ಇಷ್ಟಾದರೂ ಇದೆ. ಸೀಸಕ್ಕೆ ಅದೂ ಇಲ್ಲ. ಮಕ್ಕಳ ರಕ್ತದ ಒಂದು ಡೆಸಿಲೀಟರಿನಲ್ಲಿ ಸೀಸ 3.5 ಮೈಕ್ರೋಗ್ರಾಂ ಮುಟ್ಟಿದರೆ ಗಮನಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಟ್ಟವನ್ನು ಇಳಿಸಿತು. ವೈದ್ಯರು 'ಸೀಸದ ವಿಷ' ಎಂದು ಬರೆಯದಿದ್ದರೆ 4 ಬಂದ ಮಗುವಿಗೂ 40 ಬಂದ ಮಗುವಿಗೂ ಒಂದೇ ಕೋಡ್, ಆರ್ 78.71. ಒಂದು ಮನೆಯ ಗೋಡೆಯ ಬಣ್ಣ ಕೆರೆದು ತೆಗೆಯಬೇಕೇ, ಇಡೀ ಓಣಿಯನ್ನೇ ಪರೀಕ್ಷಿಸಬೇಕೇ ಎಂದು ನಿರ್ಧರಿಸಬೇಕಾದವರ ಕೈಗೆ ಆ ಕೋಡ್ ಕೊಡುವುದು ಬರೀ ಒಂದು 'ಹೌದು'.

ಅಂಕಿಯಿಲ್ಲದ 'ಹೌದು' ಎಷ್ಟು ದುಬಾರಿಯೆಂಬುದಕ್ಕೆ ಗಸಗಸೆಯೇ ಸಾಕ್ಷಿ. ಪಾಯಸಕ್ಕೆ ಅರೆಯುವ ಅದೇ ಗಸಗಸೆ. ಅದನ್ನು ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು. ಅಮೆರಿಕದ ಕೇಂದ್ರ ಸರ್ಕಾರದ ನೌಕರರ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಂ ಇದ್ದ ಮಿತಿಯನ್ನು ಈ ಕಾರಣಕ್ಕೇ 1998ರಲ್ಲಿ 2000ಕ್ಕೆ ಏರಿಸಿದರು. ಅದೇ ಬೀಜ, ಅದೇ ಮಾರ್ಫಿನ್, ಬದಲಾದದ್ದು ಅಂಕಿಯೊಂದೇ. ಮೂತ್ರದಲ್ಲಿ ಔಷಧ ಸಿಕ್ಕಾಗ ಹಾಕುವ ಆರ್ 82.5ರಲ್ಲೂ ಆ ಅಂಕಿಗೆ ಜಾಗವಿಲ್ಲ.