ದಾಖಲೆಯಿಂದ ದೃಶ್ಯಕ್ಕೆ: ‘ಟೀಪೂ ಸುಲ್ತಾನ ಕಂಡ ಕನಸು’ ನಾಟಕದಲ್ಲಿ ಚರಿತ್ರೆ ಮತ್ತು ಕಲ್ಪನೆ

ಮೈಸೂರು ಸೀಮೆಯ ಚರಿತ್ರೆಯಲ್ಲಿ ದೇವನಹಳ್ಳಿಯ ಕೋಟೆಗೆ ವಿಶಿಷ್ಟ ಸ್ಥಾನವಿದೆ. 1749ರ ಮುತ್ತಿಗೆಯಲ್ಲಿ ಹೈದರ್ ಅಲಿ ಮೊದಲು ದಳವಾಯಿಯ ಗಮನಕ್ಕೆ ಬಂದದ್ದು ಇಲ್ಲಿ. ಮರುವರ್ಷ ಅವನ ಮಗ ಟೀಪೂ ಜನಿಸಿದ್ದೂ ಇಲ್ಲಿಯೇ. ಈ ಊರಿನಲ್ಲಿ ಹುಟ್ಟಿದ ದೊರೆಯನ್ನು ಕುರಿತು ಲಾವಣಿಕಾರರು ಹಾಡಿದ್ದಾರೆ, ವೃತ್ತಿರಂಗಭೂಮಿ ಆಡಿದೆ, ಚರಿತ್ರಕಾರರು ವಾದಿಸಿದ್ದಾರೆ. ಇವುಗಳ ನಡುವೆ ಗಿರೀಶ ಕಾರ್ನಾಡರ ‘ಟೀಪೂ ಸುಲ್ತಾನ ಕಂಡ ಕನಸು’ ಭಿನ್ನವಾಗಿ ನಿಲ್ಲುವುದು ಒಂದು ಕಾರಣಕ್ಕೆ: ಟೀಪೂವಿನ ಬದುಕಿನಷ್ಟೇ ಆ ಬದುಕು ಬರಹವಾದ ಬಗೆಯೂ ಈ ನಾಟಕದ ವಸ್ತುವಾಗಿದೆ.

ಭಾರತದ ಸ್ವಾತಂತ್ರ್ಯದ ಸುವರ್ಣೋತ್ಸವದ ಸಂದರ್ಭಕ್ಕಾಗಿ ಬಿ.ಬಿ.ಸಿ. ಬಾನುಲಿಯ ಕೋರಿಕೆಯ ಮೇರೆಗೆ ರಚಿತವಾದ ಕೃತಿಯಿದು, 1997ರಲ್ಲಿ ಪ್ರಸಾರವಾಯಿತು. ಬಾನುಲಿಗೆ ದೃಶ್ಯವೈಭವದ ನೆರವಿಲ್ಲ. ಆದ್ದರಿಂದ ಯುದ್ಧ, ದರ್ಬಾರುಗಳಿಗಿಂತ ಸಂಭಾಷಣೆಗೂ ನಿರೂಪಣೆಗೂ ಇಲ್ಲಿ ಹೆಚ್ಚಿನ ಹೊಣೆ ಬಿದ್ದಿದೆ. ಕಾಲ ಹಿಂದೆ ಮುಂದೆ ಸರಿಯುವುದು ನಿರೂಪಕರ ಮಾತಿನ ಮೂಲಕವೇ.

ಆ ನಿರೂಪಕರು ಇಬ್ಬರು: ಟೀಪೂವಿನ ಆಶ್ರಯದಲ್ಲಿದ್ದ ಇತಿಹಾಸಕಾರ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಮತ್ತು ಕಂಪನಿಯ ಸರ್ವೇಕ್ಷಣಾಧಿಕಾರಿ ಕಾಲಿನ್ ಮೆಕೆಂಜಿ. ಇಬ್ಬರೂ ಚಾರಿತ್ರಿಕ ವ್ಯಕ್ತಿಗಳು. ಟೀಪೂ ಮಡಿದ ಕೆಲವು ವರ್ಷಗಳ ನಂತರ ಇವರು ಎದುರುಬದುರಾಗಿ ಕುಳಿತು ಗತವನ್ನು ಮರುಕಟ್ಟುತ್ತಾರೆ. ಮೆಕೆಂಜಿಗೆ ಬೇಕಾದದ್ದು ನಿರ್ಲಿಪ್ತ ಸಂಗತಿ. ಕಿರ್ಮಾನಿಯ ಬಳಿ ಇರುವುದು ನೆನಪು. ಹಿಂದೆ ಒಡೆಯನ ಉಪ್ಪುಂಡವನು ಇಂದು ಒಡೆಯನನ್ನು ಕೊಂದವರಿಗಾಗಿ ದುಡಿಯುತ್ತಿದ್ದಾನೆ. ಹೀಗಾಗಿ ಈ ಚೌಕಟ್ಟನ್ನು ಕೇವಲ ನಿರೂಪಣಾ ಸೌಕರ್ಯವೆಂದು ಪರಿಗಣಿಸಲಾಗದು. ಸೋತವರ ಚರಿತ್ರೆ ಗೆದ್ದವರ ಕಾಗದದ ಮೇಲೆ ಮೂಡುವಾಗ ಸಾಕ್ಷಿಯ ನಿಷ್ಠೆ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ನಾಟಕ ಈ ಎರಡು ಪಾತ್ರಗಳ ಮೂಲಕವೇ ಎತ್ತುತ್ತದೆ.

ಶ್ರೀರಂಗಪಟ್ಟಣ 1799ರ ಮೇ 4ರಂದು ಬಿದ್ದಿತು. ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹಕ್ಕಾಗಿ ನಡೆದ ಹುಡುಕಾಟವನ್ನು ಕಾರ್ನಾಡರು ಮೊದಲಿಗೇ ತಂದಿರುವುದರಿಂದ ಅಂತ್ಯದ ಕುತೂಹಲ ಉಳಿಯುವುದಿಲ್ಲ. ಪ್ರೇಕ್ಷಕನ ಗಮನ ‘ಏನಾಯಿತು’ ಎಂಬುದರಿಂದ ‘ಏಕಾಯಿತು’ ಎಂಬುದರ ಕಡೆಗೆ ತಿರುಗುತ್ತದೆ. ಟೀಪೂ ಆಡುವ ಪ್ರತಿ ಭರವಸೆಯ ಮಾತಿಗೂ ಸಾವಿನ ನೆರಳು ಅಂಟಿಕೊಳ್ಳುತ್ತದೆ. ನಾಟಕದ ವ್ಯಂಗ್ಯ ಹುಟ್ಟುವುದು ಇಲ್ಲಿ.

ಕನಸುಗಳ ಬಳಕೆಯನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. ಟೀಪೂ ತನ್ನ ಕೈಯಾರೆ ಪಾರಸಿಯಲ್ಲಿ ಬರೆದಿಟ್ಟ 37 ಕನಸುಗಳ ಹಸ್ತಪ್ರತಿ ಅರಮನೆಯಲ್ಲಿ ದೊರೆತು ಇಂಗ್ಲೆಂಡಿಗೆ ಸಾಗಿತು. ಗಂಡುಡುಗೆಯ ವ್ಯಕ್ತಿಯೊಬ್ಬ ಹೆಣ್ಣೆಂದು ತಿಳಿದುಬರುವ ಕನಸನ್ನು ಅವನು ಮರಾಠರ ಬಲಹೀನತೆಯ ಸೂಚನೆಯೆಂದು ಅಲ್ಲಿ ಅರ್ಥೈಸಿದ್ದಾನೆ. ಅಂದರೆ, ನಾಟಕದಲ್ಲಿ ಅತ್ಯಂತ ಕಾಲ್ಪನಿಕವಾಗಿ ತೋರುವ ಭಾಗಕ್ಕೇ ಅತ್ಯಂತ ಖಾಸಗಿಯಾದ ದಾಖಲೆಯ ಆಧಾರವಿದೆ. ಕಿರ್ಮಾನಿಗೂ ತಿಳಿಯದಿದ್ದ ಈ ಗುಟ್ಟು ಶತ್ರುಗಳ ಕೈಗೆ ಸಿಕ್ಕದ್ದು, ಹತ್ತಿರವಿದ್ದವನಿಗೂ ಗತ ಪೂರ್ತಿಯಾಗಿ ತೆರೆದುಕೊಳ್ಳದೆಂಬುದನ್ನು ಧ್ವನಿಸುತ್ತದೆ. ಕೊನೆಯಲ್ಲಿ ಟೀಪೂ ಹೇಳುವ ಕನಸು ಗೆಲುವಿನದು. ಮರಣವನ್ನು ಮೊದಲೇ ಕಂಡ ಪ್ರೇಕ್ಷಕನಿಗೆ ಆ ಗೆಲುವು ದುಃಖವಾಗಿ ಪರಿಣಮಿಸುತ್ತದೆ.

ಪಾತ್ರಚಿತ್ರಣದಲ್ಲಿ ಶೌರ್ಯಕ್ಕಿಂತ ವ್ಯಾಪಾರದ ಚಿಂತನೆಗೆ ಪ್ರಾಶಸ್ತ್ಯ ದೊರೆತಿದೆ. ಇಂಗ್ಲಿಷರ ಬಲದ ಮೂಲ ಅವರ ವ್ಯಾಪಾರದಲ್ಲಿದೆ ಎಂದರಿತು ಫ್ರಾನ್ಸಿಗೆ ನಿಯೋಗ ಕಳುಹಿಸುವ, ಯಂತ್ರಗಳಿಗೂ ಕುಶಲಕರ್ಮಿಗಳಿಗೂ ಹಂಬಲಿಸುವ, ರೇಷ್ಮೆಯನ್ನು ಕುರಿತು ಯೋಚಿಸುವ ದೊರೆ ಇವನು. ವಿಜಯಪುರದ ಗೂಡಿನ ಮಾರುಕಟ್ಟೆ, ದೊಡ್ಡಬಳ್ಳಾಪುರದ ಮಗ್ಗಗಳನ್ನು ಬಲ್ಲ ಓದುಗರಿಗೆ ಈ ವಿವರ ಅಲಂಕಾರವಾಗಿ ಉಳಿಯಲಾರದು. ಇದಕ್ಕೆ ಎದುರಾಗಿ ನಿಲ್ಲುವುದು 1792ರ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ. ಲೆಕ್ಕದ ಭಾಷೆ ಮಕ್ಕಳನ್ನೂ ಒಳಗೊಳ್ಳುವ ಈ ಘಟ್ಟದಲ್ಲಿ ರಾಜನೂ ತಂದೆಯೂ ಬೇರ್ಪಡುತ್ತಾರೆ.

ನಾಟಕದ ಮಿತಿಯೂ ಇದೇ ಅನುಕಂಪದಲ್ಲಿದೆ. ಕೊಡಗು, ಮಲಬಾರುಗಳ ದಂಡಯಾತ್ರೆಗಳು ಪ್ರಧಾನ ಕ್ರಿಯೆಯಾಗಿ ಬರುವುದಿಲ್ಲ. ಅಲ್ಲಿ ನೊಂದವರ ಪರವಾಗಿ ಕಿರ್ಮಾನಿಗೆ ಸರಿಸಮನಾದ ಸಾಕ್ಷಿಯೊಬ್ಬನಿಲ್ಲ. ‘ತುಘಲಕ್’ನಲ್ಲಿ ದೊರೆಯ ಆದರ್ಶಕ್ಕೆ ಪ್ರಜೆಗಳು ತೆತ್ತ ಬೆಲೆ ರಂಗದ ಮೇಲೆಯೇ ಕಾಣುತ್ತದೆ. ಇಲ್ಲಿ ಅಂಥ ಎದುರುದನಿ ಕ್ಷೀಣ. ಸಾಕ್ಷಿಯ ಪಕ್ಷಪಾತವನ್ನೇ ವಸ್ತುವಾಗಿಸಿಕೊಂಡ ಕೃತಿಗೆ ಈ ಪ್ರಶ್ನೆ ಹೊರಗಿನದಲ್ಲ, ಅದರ ತರ್ಕದೊಳಗಿನಿಂದಲೇ ಏಳುವಂಥದು.

ಟೀಪೂ ಜಯಂತಿಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ಆರಂಭಿಸಿ 2019ರಲ್ಲಿ ಕೈಬಿಟ್ಟಿತು. ದೇವನಹಳ್ಳಿಯ ವಿಮಾನನಿಲ್ದಾಣದ ಹೆಸರನ್ನು ಕುರಿತು 2015ರಲ್ಲಿ ಕಾರ್ನಾಡರಾಡಿದ ಮಾತೂ ವಿವಾದಕ್ಕೀಡಾಯಿತು. ಸಾರ್ವಜನಿಕ ವಾಗ್ವಾದಕ್ಕೆ ವೀರ ಅಥವಾ ಖಳ ಎಂಬ ಎರಡೇ ಪಾತ್ರಗಳು ಸಾಕು. ನಾಟಕಕ್ಕೆ ಅಷ್ಟು ಸಾಲದು. ದಾಖಲೆಯನ್ನು ಬರೆದವನಾರು, ಯಾರಿಗಾಗಿ ಬರೆದನು ಎಂದು ಕೇಳುವ ವಿವೇಕವನ್ನು ಅದು ಓದುಗನಿಗೆ ಕಲಿಸುತ್ತದೆ. ತನ್ನನ್ನೂ ಅದೇ ಒರೆಗಲ್ಲಿಗೆ ಹಚ್ಚಲು ಅವಕಾಶ ಕೊಡುತ್ತದೆ. ಕನ್ನಡ ಐತಿಹಾಸಿಕ ನಾಟಕಕ್ಕೆ ಈ ಕೃತಿ ಸಲ್ಲಿಸಿದ ಮುಖ್ಯ ಕೊಡುಗೆಯಿದು.