ಸುಧಾರಣೆಯ ಎರಡು ಹಾದಿಗಳು: ದಲವಾಯಿ ಮತ್ತು ಇಂಜಿನಿಯರ್

ಮತದ ಕಟ್ಟಳೆಗೂ ನಾಗರಿಕರ ಹಕ್ಕಿಗೂ ವಿರೋಧ ಒದಗಿದಾಗ ಸುಧಾರಕನು ಯಾವುದನ್ನು ಪ್ರಮಾಣವಾಗಿ ಹಿಡಿಯಬೇಕು? ಮುಂಬಯಿಯ ಇಬ್ಬರು ಮುಸ್ಲಿಂ ಚಿಂತಕರು ಈ ಪ್ರಶ್ನೆಗೆ ಭಿನ್ನವಾದ ಉತ್ತರಗಳನ್ನಿತ್ತಿದ್ದಾರೆ.

ಕೊಂಕಣದಿಂದ ಬಂದ ಮರಾಠಿ ಲೇಖಕ ಹಮೀದ್ ದಲವಾಯಿ (1932–1977) ಸಂವಿಧಾನವನ್ನು ಹಿಡಿದರು. 1966ರ ಏಪ್ರಿಲ್ 18ರಂದು ಏಳು ಮಂದಿ ಮುಸ್ಲಿಂ ಮಹಿಳೆಯರ ಮೆರವಣಿಗೆಯನ್ನು ಮುಂಬಯಿಯ ವಿಧಾನಭವನಕ್ಕೆ ಕರೆದೊಯ್ದು, ತ್ರಿವಳಿ ತಲಾಖ್ ಮತ್ತು ಬಹುಪತ್ನಿತ್ವಗಳ ನಿಷೇಧವನ್ನೂ ಸಮಾನ ನಾಗರಿಕ ಸಂಹಿತೆಯನ್ನೂ ಕೇಳಿದರು. 1970ರಲ್ಲಿ ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳವನ್ನು ಸ್ಥಾಪಿಸಿದರು. ಅವರ ವಾದಕ್ಕೆ ಗ್ರಂಥಪ್ರಮಾಣದ ಹಂಗಿಲ್ಲ. ಅದರ ಬಲವೂ ಅದೇ. ಆದರೆ ಶ್ರದ್ಧಾವಂತರ ಮನಸ್ಸನ್ನು ಮುಟ್ಟುವ ಶಕ್ತಿ ಅದಕ್ಕೆ ಅಷ್ಟಾಗಿ ಒದಗಲಿಲ್ಲ.

ಬೋಹರಾ ಪುರೋಹಿತರ ಮನೆಯಲ್ಲಿ ಹುಟ್ಟಿ, ಮುಂಬಯಿ ಮಹಾನಗರಪಾಲಿಕೆಯಲ್ಲಿ ದುಡಿದ ಅಸ್ಗರ್ ಅಲಿ ಇಂಜಿನಿಯರ್ (1939–2013) ಕುರಾನನ್ನೇ ಸುಧಾರಣೆಯ ಆಧಾರವಾಗಿಸಿದರು. ಇಸ್ಲಾಮಿನಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತ 1992ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ, ಮೂಲದ ನ್ಯಾಯದೃಷ್ಟಿ ಬೇರೆ, ಕಾಲಬದ್ಧವಾದ ಕಟ್ಟಳೆ ಬೇರೆ ಎಂದು ವಿವೇಚಿಸಿದರು. ಮುಂಬಯಿಯ ಗಲಭೆಗಳ ಬಳಿಕ, 1993ರಲ್ಲಿ, ಸಮಾಜ ಮತ್ತು ಮತನಿರಪೇಕ್ಷತೆಯ ಅಧ್ಯಯನ ಕೇಂದ್ರವನ್ನು ತೆರೆದರು. ಈ ಹಾದಿ ಸಮುದಾಯವನ್ನು ಒಳಗೊಳ್ಳುತ್ತದೆ, ನಿಜ. ಆದರೆ ವ್ಯಾಖ್ಯಾನದಿಂದ ದೊರೆತ ಹಕ್ಕನ್ನು ಇನ್ನೊಂದು ವ್ಯಾಖ್ಯಾನ ಕಸಿದುಕೊಳ್ಳಬಹುದು.

2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ತ್ರಿವಳಿ ತಲಾಖನ್ನು ಮೂರು–ಎರಡರ ಬಹುಮತದಿಂದ ತಳ್ಳಿಹಾಕಿತು. ಬಹುಮತದ ಮೂವರಲ್ಲಿ ನ್ಯಾಯಮೂರ್ತಿ ನಾರಿಮನ್ ಮತ್ತು ಲಲಿತ್ ಸಂವಿಧಾನದ 14ನೆಯ ವಿಧಿಯನ್ನು ಆಧರಿಸಿದರೆ, ಕುರಿಯನ್ ಜೋಸೆಫ್ ಕುರಾನಿನ ಆಶಯವನ್ನು ಆಧರಿಸಿದರು. ಎರಡು ಹಾದಿಗಳೂ ಕೂಡಿದಾಗಲೇ ಬಹುಮತವಾಯಿತೆಂಬುದು ಗಮನಾರ್ಹ.

ಈ ಹಾದಿಗಳನ್ನು ಅಳೆಯುವ ಮಾನದಂಡವು ಕನ್ನಡದಲ್ಲಿಯೇ ಇದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಬರೆದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ, ತಂದೆಯ ಹಟದಿಂದ ತಲಾಖಿಗೆ ಗುರಿಯಾದವಳು. ಮತ್ತೆ ಗಂಡನನ್ನು ಸೇರಬೇಕಾದರೆ ಪರಪುರುಷನನ್ನು ಮದುವೆಯಾಗಿ ಅವನಿಂದ ಬಿಡುಗಡೆ ಹೊಂದಬೇಕೆಂಬ ಕಟ್ಟಳೆಗೆ ಬಲಿಯಾದವಳು. ಅವಳಿಗೆ ಬೇಕಾದುದು ಸಂವಿಧಾನವೋ ಕುರಾನೋ ಎಂಬ ತರ್ಕವಲ್ಲ. ತನ್ನ ಬಾಳಿನ ಬಗೆಗೆ ತಾನೇ ಮಾತನಾಡುವ ಅಧಿಕಾರ. ಆ ತೀರ್ಪು ತಲಾಖಿಗಷ್ಟೇ ಸೀಮಿತವಾಗಿ, ಅವಳನ್ನು ಬಲಿಗೊಂಡ ಕಟ್ಟಳೆಯನ್ನು ವಿಚಾರಿಸಲಿಲ್ಲ. ಆದುದರಿಂದ ಇಬ್ಬರು ಚಿಂತಕರ ಕಾರ್ಯವೂ ಇನ್ನೂ ಮುಗಿದಿಲ್ಲವೆಂದೇ ಹೇಳಬೇಕು.