ಕೆಂಪಕ್ಷರದ ಹೆಸರು

ಅಮೆರಿಕದ ಬಾಲ್ಟಿಮೋರ್ ನಗರದ ಪೊಲೀಸ್ ಕಚೇರಿಯ ಗೋಡೆಯಲ್ಲಿ ಒಂದು ಬಿಳಿಯ ಫಲಕ. ಅದರ ತುಂಬ ಕೊಲೆಯಾದವರ ಹೆಸರುಗಳು. ಪ್ರಕರಣ ಬಗೆಹರಿದರೆ ಕಪ್ಪಕ್ಷರ, ಇಲ್ಲವಾದರೆ ಕೆಂಪಕ್ಷರ. 'ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್' ಧಾರಾವಾಹಿಯನ್ನು ನೋಡಿದವರು ಆ ಫಲಕವನ್ನು ಮರೆಯಲಾರರು. 1993ರಿಂದ 1999ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ 122 ಕಂತುಗಳಾಗಿ ಬಂದ ಈ ಕೃತಿ, ಅದರಲ್ಲಿ ಬಳಸಿದ ಹಾಡುಗಳ ಹಕ್ಕಿನ ತೊಡಕಿನಿಂದಾಗಿ ಬಹುಕಾಲ ಅಂತರ್ಜಾಲದ ಯಾವ ವೇದಿಕೆಗೂ ಬರಲಿಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಪೀಕಾಕ್ ವೇದಿಕೆಗೆ ಬಂದಾಗಲೂ ಕೆಲವು ಹಾಡುಗಳ ಜಾಗದಲ್ಲಿ ಬೇರೆ ಸಂಗೀತವಿತ್ತು. ಪತ್ತೇದಾರ ಫ್ರಾಂಕ್ ಪೆಂಬಲ್ಟನ್‌ನಾಗಿ ನಟಿಸಿದ ಆಂಡ್ರೆ ಬ್ರೌವರ್ ಅಷ್ಟರಲ್ಲಿ ನಮ್ಮನ್ನಗಲಿದ್ದರು. ಅವರ ನಿಧನ 2023ರ ಡಿಸೆಂಬರ್‌ನಲ್ಲಿ.

ಪತ್ರಕರ್ತ ಡೇವಿಡ್ ಸೈಮನ್ 1988ರಲ್ಲಿ ಇಡೀ ಒಂದು ವರ್ಷ ಆ ನಗರದ ಕೊಲೆ ತನಿಖಾ ವಿಭಾಗದೊಡನೆ ಕಳೆದು ಬರೆದ ಗ್ರಂಥವೇ ಇದಕ್ಕೆ ಆಧಾರ. ಆದ್ದರಿಂದಲೇ ಇಲ್ಲಿ ಓಟ, ಹೊಡೆದಾಟ ಕಡಿಮೆ, ಮಾತು ಹೆಚ್ಚು. ಮಾತೆಲ್ಲ ನಡೆಯುವುದು 'ಬಾಕ್ಸ್' ಎಂದು ಅವರು ಕರೆಯುವ ವಿಚಾರಣಾ ಕೊಠಡಿಯಲ್ಲಿ.

ಈ ಕೊಠಡಿಯನ್ನು ಪಾಪನಿವೇದನೆಯ ಪೀಠಕ್ಕೆ ಹೋಲಿಸುವ ವಾಡಿಕೆಯುಂಟು. ಪೆಂಬಲ್ಟನ್ ಯೇಸು ಸಭೆಯ ಗುರುಗಳ ಬಳಿ ಕಲಿತ ಕಥೋಲಿಕನೆಂಬುದು ಈ ಹೋಲಿಕೆಗೆ ಇಂಬು ಕೊಟ್ಟಿದೆ. ನಾನಂತೂ ಇದನ್ನು ಒಪ್ಪಲಾರೆ. ಪಾಪನಿವೇದನೆಗೆ ಬರುವವನು ತಾನಾಗಿ ಬರುತ್ತಾನೆ, ಹಗುರವಾಗಿ ಹಿಂದಿರುಗುತ್ತಾನೆ. ಅವನು ಆಡಿದ ಮಾತು ಗುರುವಿನೊಡನೆಯೇ ಮಣ್ಣಾಗುತ್ತದೆ. ಪೆಂಬಲ್ಟನ್‌ನಲ್ಲಿರುವುದು ಆ ಸಂಸ್ಕಾರದ ಹೊರ ಆಕಾರ ಮಾತ್ರ: ತಗ್ಗಿದ ದನಿ, ಹತ್ತಿರ ಸರಿಸಿದ ಕುರ್ಚಿ, ಹೇಳಿಬಿಟ್ಟರೆ ನೆಮ್ಮದಿಯೆಂಬ ಆಶ್ವಾಸನೆ. ಧಾರಾವಾಹಿಯ ಹಿರಿಮೆಯೆಂದರೆ ಅದಕ್ಕೇ ಇದು ತಿಳಿದಿದೆ. ಎರಡನೆಯ ಸರಣಿಯಲ್ಲಿ ಪೆಂಬಲ್ಟನ್ ತನ್ನ ಮೇಲಧಿಕಾರಿಯ ಮೇಲಿನ ಸಿಟ್ಟಿಗೆ, ನಿರಪರಾಧಿ ತರುಣನೊಬ್ಬನ ಬಾಯಿಂದಲೇ ಕೊಲೆಯ ತಪ್ಪೊಪ್ಪಿಗೆ ಹೊರಡಿಸುತ್ತಾನೆ. ಹೊಡೆಯುವುದಿಲ್ಲ, ಗದರುವುದೂ ಇಲ್ಲ. ಹುಡುಗ ಅಳುತ್ತ ಒಪ್ಪಿಕೊಳ್ಳುತ್ತಾನೆ. ತಪ್ಪೊಪ್ಪಿಗೆಯೇ ಸತ್ಯವೆಂದು ನಂಬಿದ ನೋಡುಗ ಅಲ್ಲಿ ಬೆಚ್ಚಬೇಕು.

ಮೊದಲ ಸರಣಿಯ 'ಥ್ರೀ ಮೆನ್ ಅಂಡ್ ಅಡೀನಾ' ಕಂತು ಇನ್ನೂ ಕಠಿಣ. ಟಾಮ್ ಫೊಂಟಾನಾಗೆ 1993ರ ಎಮಿ ಪ್ರಶಸ್ತಿ ತಂದುಕೊಟ್ಟ ಬರಹವದು. ಅಡೀನಾ ವಾಟ್ಸನ್ ಎಂಬ ಬಾಲಕಿಯ ಕೊಲೆ. ಶಂಕಿತ, ಕುದುರೆಗಾಡಿಯಲ್ಲಿ ಹಣ್ಣು ಮಾರುವ ಮುದುಕ ರಿಸ್ಲಿ ಟಕ್ಕರ್. ಪೆಂಬಲ್ಟನ್ ಮತ್ತು ಟಿಮ್ ಬೇಲಿಸ್‌ಗೆ ಸಿಕ್ಕಿರುವುದು ಹನ್ನೆರಡು ಗಂಟೆ. ಮುದುಕ ಸೋಲುತ್ತಾನೆ, ಅಳುತ್ತಾನೆ, ಆ ಮಗುವಿನ ಮೇಲೆ ತನಗಿದ್ದ ಮೋಹವನ್ನು ಹೇಳಿಕೊಳ್ಳುತ್ತಾನೆ. ಕೊಲೆಯನ್ನು ಮಾತ್ರ ಒಪ್ಪುವುದಿಲ್ಲ. ಅದಕ್ಕೂ ಮೊದಲು ಆ ಇಬ್ಬರ ಅಂತರಂಗವನ್ನು ಅವರ ಮುಂದೆಯೇ ಬಿಡಿಸಿಟ್ಟಿರುತ್ತಾನೆ. ಮೋಸೆಸ್ ಗನ್ ಅವರ ಈ ಅಭಿನಯಕ್ಕೆ ಸಮನಾದುದನ್ನು ನಾನು ಕಿರುತೆರೆಯಲ್ಲಿ ಬೇರೆ ಕಂಡಿಲ್ಲ. ಕೊನೆಗೆ, ಅದುವರೆಗೆ ಅಷ್ಟಾಗಿ ನಂಬದಿದ್ದ ಪೆಂಬಲ್ಟನ್‌ಗೆ ಇವನೇ ಕೊಲೆಗಾರನೆನಿಸುತ್ತದೆ. ನಂಬಿದ್ದ ಬೇಲಿಸ್‌ಗೆ ಸಂಶಯ ಹುಟ್ಟುತ್ತದೆ.

ಕೊನೆಯ ಸರಣಿಗಳಲ್ಲಿ ಗುಂಡಿನ ಸದ್ದು ಹೆಚ್ಚಿತು. 1998ರಲ್ಲಿ ಬ್ರೌವರ್ ಹೊರನಡೆದ ಮೇಲಂತೂ ಕೃತಿ ಸೊರಗಿತು. ಇದು ಮಕ್ಕಳೊಡನೆ ಕುಳಿತು ನೋಡುವಂಥದ್ದೂ ಅಲ್ಲ. ದೊಡ್ಡವರು ನೋಡುವುದಾದರೆ ನನ್ನದೊಂದು ವಿನಂತಿ: ಅಂದಿನ ವೀಕ್ಷಕರಿಗೆ ಒಂದು ಕಂತು ಮುಗಿದರೆ ಮುಂದಿನದಕ್ಕೆ ವಾರ ಕಾಯಬೇಕಿತ್ತು. ಇಂದು ಕೆಲವೇ ಕ್ಷಣಗಳಲ್ಲಿ ಮುಂದಿನ ಕಂತು ತಾನಾಗಿ ತೊಡಗುತ್ತದೆ. ಅಡೀನಾಳ ಕಂತು ಮುಗಿದಾಗ ಆ ಗುಂಡಿಯನ್ನು ಒತ್ತಿ ನಿಲ್ಲಿಸಿ. ಅವಳ ಹೆಸರು ಆ ಫಲಕದಲ್ಲಿ ಕೆಂಪಾಗಿಯೇ ಉಳಿದಿರುತ್ತದೆ.